ಅಂಟಾರ್ಕ್ಟಿಕಾಕ್ಕೆ ಹೊರಟ ಹಡಗು: ಹನ್ನೊಂದು ದಿನಗಳ ಯಾನದ ವಿಮರ್ಶೆ

ಆರು ವರ್ಷಗಳಿಂದ ಹಂಬಲಿಸಿದ್ದ, ಎರಡು ಬಾರಿ ಮುಂದಕ್ಕೆ ಹೋಗಿದ್ದ ಯಾತ್ರೆ ಕೊನೆಗೂ ಕೈಗೂಡಿ, ಅರ್ಜೆಂಟೀನಾದ ದಕ್ಷಿಣ ತುದಿಯ ಉಶುವಾಯಾ ಬಂದರಿನಲ್ಲಿ ಹಡಗು ಹತ್ತಿದ ಮೇಲೆ ನಮ್ಮ ಕಿವಿಗೆ ಬಿದ್ದ ಮೊದಲ ಸುದ್ದಿ, ಹಡಗು ಅಂದು ರಾತ್ರಿ ತೆರೆದ ಕಡಲಿಗೆ ಇಳಿಯುವುದಿಲ್ಲ ಎಂಬುದಾಗಿತ್ತು. ಡ್ರೇಕ್ ಜಲಮಾರ್ಗದಲ್ಲಿ ದೊಡ್ಡ ಬಿರುಗಾಳಿ ಹಾದುಹೋಗುತ್ತಿದ್ದುದರಿಂದ, ಮರುದಿನ ಮಧ್ಯಾಹ್ನದವರೆಗೆ ಬೀಗಲ್ ಕಡಲ್ಗಾಲುವೆಯ ಆಶ್ರಯದಲ್ಲೇ ಕಾಯುವುದೆಂದು ಕ್ಯಾಪ್ಟನ್ ತೀರ್ಮಾನಿಸಿದ್ದರು. ಪ್ರಯಾಣಿಕರಲ್ಲಿ ಕೆಲವರು ಸಿಟ್ಟಾದರು. ಯಾತ್ರೆಯ ಮುಖ್ಯಸ್ಥೆ ಎಲ್ಲರನ್ನೂ ಸಭಾಂಗಣಕ್ಕೆ ಕರೆದು, ಹವಾಮಾನದ ನಕ್ಷೆಯನ್ನು ಪರದೆಯ ಮೇಲೆ ತೋರಿಸಿ, ಈಗ ಹೊರಟರೆ ಅಲೆಗಳು ಎಷ್ಟು ಎತ್ತರವಿರುತ್ತವೆ, ಕಾದರೆ ಎಷ್ಟು ತಗ್ಗುತ್ತವೆ, ಕಾಯುವುದರಿಂದ ನಾವು ಕಳೆದುಕೊಳ್ಳುವುದೇನು ಎಂಬುದನ್ನು ಒಂದೂ ಮುಚ್ಚಿಡದೆ ವಿವರಿಸಿದರು. ಈ ಸೇವೆಯ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆಗಲೇ. ಇಷ್ಟು ದೂರದ ಖಂಡಕ್ಕೆ ಕರೆದೊಯ್ಯುವವರು ಎಂಥವರು ಎಂಬುದು ಅವರ ಸಿದ್ಧತೆಯಲ್ಲಿ ಮತ್ತು ಬೇಡ ಎನ್ನುವ ಧೈರ್ಯದಲ್ಲಿ ಗೊತ್ತಾಗುತ್ತದೆ.

ಡ್ರೇಕ್ ದಾಟುವುದು ಸುಲಭವಲ್ಲ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್‌ನಿಂದ ದಕ್ಷಿಣ ಶೆಟ್ಲ್ಯಾಂಡ್ ದ್ವೀಪಗಳವರೆಗೆ ಸುಮಾರು 800 ಕಿಲೋಮೀಟರ್ ಅಗಲದ ಈ ಕಡಲಿನಲ್ಲಿ ಗಾಳಿಗೂ ಪ್ರವಾಹಕ್ಕೂ ಅಡ್ಡ ನಿಲ್ಲುವ ನೆಲವಿಲ್ಲ; ಭೂಮಿಯನ್ನು ಸುತ್ತಿಬರುವ ದಕ್ಷಿಣದ ಮಹಾಪ್ರವಾಹ ಇಲ್ಲಿ ಇಕ್ಕಟ್ಟಾದ ದಾರಿಯಲ್ಲಿ ನುಗ್ಗುತ್ತದೆ. ಕಾದು ಹೊರಟರೂ ಒಂದೂವರೆ ದಿನ ಹಡಗು ತೊಟ್ಟಿಲಿನಂತೆ ತೂಗಿತು. ಊಟದ ಕೋಣೆಯ ಕುರ್ಚಿಗಳನ್ನು ನೆಲಕ್ಕೆ ಸರಪಳಿಯಿಂದ ಬಿಗಿದಿದ್ದರು, ಮೊಗಸಾಲೆಯ ಕಂಬಿಗಳಲ್ಲಿ ಕಾಗದದ ಚೀಲಗಳನ್ನು ಸಾಲಾಗಿ ಸಿಕ್ಕಿಸಿದ್ದರು. ವಾಕರಿಕೆ ಶುರುವಾದ ಮೇಲೆ ಮಾತ್ರೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ ಎಂದು ಹಡಗಿನ ವೈದ್ಯರು ಮುಂಚೆಯೇ ಹೇಳಿ, ಕಡಲ್ಗಾಲುವೆಯಲ್ಲಿರುವಾಗಲೇ ಮಾತ್ರೆ ಹಂಚಿದ್ದು ಬಹಳ ಜನರನ್ನು ಕಾಪಾಡಿತು. ನನ್ನ ಕ್ಯಾಬಿನ್ ಕೆಳ ಅಂತಸ್ತಿನ ನಡುಭಾಗದಲ್ಲಿತ್ತು. ಅಲ್ಲಿ ತೂಗಾಟ ಕಡಿಮೆ. ದೊಡ್ಡ ಕಿಟಕಿಯ ಆಸೆಗೆ ಮೇಲಿನ ಅಂತಸ್ತು ಹಿಡಿದವರು ಹೆಚ್ಚು ಬಳಲಿದರು. ಎರಡನೆಯ ದಿನ, ಉತ್ತರದ ಬೆಚ್ಚನೆಯ ನೀರು ದಕ್ಷಿಣದ ತಣ್ಣನೆಯ ನೀರನ್ನು ಕೂಡುವ ಗಡಿಯನ್ನು ನಾವು ದಾಟುತ್ತಿದ್ದೇವೆ ಎಂದು ಧ್ವನಿವರ್ಧಕದಲ್ಲಿ ತಿಳಿಸಿದಾಗ ಎಲ್ಲರೂ ಡೆಕ್ಕಿಗೆ ಓಡಿಬಂದೆವು. ಗಾಳಿ ಏಕಾಏಕಿ ಮುಖಕ್ಕೆ ಚುಚ್ಚುವಷ್ಟು ತಣ್ಣಗಾಗಿತ್ತು, ಹಡಗಿನ ಹಿಂದೆ ಆಲ್ಬಟ್ರಾಸ್ ಒಂದು ರೆಕ್ಕೆ ಬಡಿಯದೆ ತೇಲಿಬರುತ್ತಿತ್ತು.

ಈ ಯಾನದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಬಟ್ಟೆ ಮತ್ತು ಬೂಟುಗಳ ತಪಾಸಣೆ. ಎಂದಾದರೂ ತೊಟ್ಟ ಪ್ರತಿಯೊಂದು ಹೊರ ಉಡುಪನ್ನೂ, ಬೆನ್ನ ಚೀಲವನ್ನೂ, ಕ್ಯಾಮೆರಾದ ಸ್ಟ್ಯಾಂಡನ್ನೂ ತಂದು ಮಾರ್ಗದರ್ಶಿಗಳ ಮುಂದೆ ಇಡಬೇಕು. ಜೇಬುಗಳನ್ನು ಒಳಮಗ್ಗುಲಾಗಿಸಿ ವ್ಯಾಕ್ಯೂಮ್ ಕ್ಲೀನರ್ ಹಾಯಿಸುತ್ತಾರೆ. ನನ್ನ ಜಾಕೆಟ್ಟಿನ ತೋಳಿನ ವೆಲ್ಕ್ರೋ ಪಟ್ಟಿಯನ್ನು ಬೆಳಕಿಗೆ ಹಿಡಿದ ಯುವಕನೊಬ್ಬ ಚಿಮಟದಿಂದ ಸಾಸಿವೆಗಿಂತ ಚಿಕ್ಕದಾದ, ಮುಳ್ಳಿನಂಥ ಬಾಲವಿದ್ದ ಹುಲ್ಲಿನ ಬೀಜವೊಂದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟ. ಅಂಟಾರ್ಕ್ಟಿಕಾದ ಸ್ವಂತ ಹೂಬಿಡುವ ಸಸ್ಯಗಳು ಎರಡೇ ಎರಡು, ಒಂದು ಬಗೆಯ ಹುಲ್ಲು ಮತ್ತು ಮೆತ್ತೆಯಂತೆ ಬೆಳೆಯುವ ಪುಟ್ಟ ಗಿಡವೊಂದು. ಮನುಷ್ಯರ ಜೊತೆ ಹೋದ ಹೊರಗಿನ ಹುಲ್ಲೊಂದು ಕಿಂಗ್ ಜಾರ್ಜ್ ದ್ವೀಪದಲ್ಲಿ ಈಗಾಗಲೇ ಬೇರೂರಿದೆ. ಆ ಬೀಜವನ್ನು ನಾನು ಬಹಳ ಹೊತ್ತು ನೋಡುತ್ತ ನಿಂತೆ. ನನಗೆ ಗೊತ್ತಿಲ್ಲದೆ ನಾನೇ ಅದನ್ನು ಅಷ್ಟು ದೂರ ಹೊತ್ತು ತಂದಿದ್ದೆ. ತಪಾಸಣೆಗೆ ಅವಸರಪಡುವ, ಕಣ್ಣು ಹಾಯಿಸಿ ಬಿಟ್ಟುಬಿಡುವ ಕಂಪನಿಗೆ ನಾನು ಎಂದೂ ದುಡ್ಡು ಕೊಡಲಾರೆ.

ದಡಕ್ಕಿಳಿಯುವ ವ್ಯವಸ್ಥೆಯೂ ಅಚ್ಚುಕಟ್ಟಾಗಿತ್ತು. ಹಡಗಿನಿಂದ ಜೋಡಿಯಾಕ್ ಎಂಬ ರಬ್ಬರ್ ದೋಣಿಗೆ ಇಳಿಯುವಾಗ ಅಂಗೈಯನ್ನಲ್ಲ, ಮುಂಗೈಯನ್ನು ಹಿಡಿಯಬೇಕು. ಒಬ್ಬರ ಹಿಡಿತ ಜಾರಿದರೂ ಇನ್ನೊಬ್ಬರದು ಉಳಿಯುತ್ತದೆ. ಒಂದು ಜಾಗದಲ್ಲಿ ಒಮ್ಮೆಗೆ 100ಕ್ಕಿಂತ ಹೆಚ್ಚು ಪ್ರಯಾಣಿಕರು ದಡದಲ್ಲಿರುವಂತಿಲ್ಲ, 500ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹೊತ್ತ ಹಡಗುಗಳು ಯಾರನ್ನೂ ಇಳಿಸುವಂತೆಯೇ ಇಲ್ಲ. ಟಿಕೆಟ್ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದಕ್ಕೆ ಸಂಬಂಧಿಸಿದ್ದು: ಹಡಗಿನಲ್ಲಿ ಎಷ್ಟು ಜನ? ನಮ್ಮಲ್ಲಿ ಇನ್ನೂರರೊಳಗೆ ಇದ್ದುದರಿಂದ ಎರಡು ತಂಡ ಮಾಡಿ, ಒಂದು ದಡದಲ್ಲಿರುವಾಗ ಇನ್ನೊಂದನ್ನು ಹಿಮಬಂಡೆಗಳ ನಡುವೆ ದೋಣಿಯಲ್ಲಿ ಸುತ್ತಿಸಿದರು. ಯಾರೂ ಕ್ಯಾಬಿನ್ನಿನಲ್ಲಿ ಸುಮ್ಮನೆ ಕಾದು ಕೂರಲಿಲ್ಲ.

ನೆಕೋ ಹಾರ್ಬರ್‌ನಲ್ಲಿ ನಾವು ದ್ವೀಪವನ್ನಲ್ಲ, ಖಂಡದ ಮುಖ್ಯ ಭೂಭಾಗವನ್ನೇ ಮೆಟ್ಟಿದೆವು. ಆ ಹೆಜ್ಜೆಗಾಗಿ ಆರು ವರ್ಷ ಕಾದಿದ್ದ ನನಗೆ ದಡದಲ್ಲೇ ಸ್ವಲ್ಪ ಹೊತ್ತು ನಿಲ್ಲುವ ಆಸೆ. ಮಾರ್ಗದರ್ಶಿಗಳು ಬಿಡಲಿಲ್ಲ. ಎದುರಿನ ಹಿಮನದಿಯಿಂದ ದೊಡ್ಡ ತುಂಡು ಕಳಚಿ ಬಿದ್ದರೆ ಅಲೆ ನೇರ ದಡಕ್ಕೆ ಅಪ್ಪಳಿಸುತ್ತದೆಂದು, ಎಲ್ಲರನ್ನೂ ಒಂದು ನಿಮಿಷವೂ ನಿಲ್ಲಿಸದೆ ಮೇಲಿನ ಇಳಿಜಾರಿಗೆ ಹತ್ತಿಸಿದರು. ಅಲ್ಲಿ ಜೆಂಟೂ ಪೆಂಗ್ವಿನ್‌ಗಳು ಒಂದೊಂದೇ ಕಲ್ಲನ್ನು ಕೊಕ್ಕಿನಲ್ಲಿ ತಂದು ಗೂಡಿಗೆ ಪೇರಿಸುತ್ತಿದ್ದವು. ಹಕ್ಕಿಗಳಿಂದ ಐದು ಮೀಟರ್ ದೂರವಿರಬೇಕು, ಅವು ನಡೆದು ನಡೆದು ಮಾಡಿಕೊಂಡ ದಾರಿಗೆ ಅಡ್ಡ ನಿಲ್ಲಬಾರದು, ಹಕ್ಕಿಜ್ವರದ ಭಯವಿರುವುದರಿಂದ ನೆಲದ ಮೇಲೆ ಕೂರಬಾರದು, ಮಂಡಿಯೂರಬಾರದು. ನನ್ನ ಕಾಲು ಒಮ್ಮೆ ಮೊಣಕಾಲಿನವರೆಗೆ ಹಿಮದಲ್ಲಿ ಹೂತುಹೋಯಿತು. ಹಿಂದಿದ್ದ ಮಾರ್ಗದರ್ಶಿ ನನ್ನನ್ನು ಎತ್ತಿ ನಿಲ್ಲಿಸಿದ ಮೇಲೆ ಮುಂದೆ ಹೋಗಲಿಲ್ಲ. ಬಗ್ಗಿ ಆ ಗುಂಡಿಯನ್ನು ಹಿಮದಿಂದ ಮುಚ್ಚಿ, ಬೂಟಿನಿಂದ ತಟ್ಟಿ ಗಟ್ಟಿಮಾಡಿದರು. ಪೆಂಗ್ವಿನ್ ಅದರಲ್ಲಿ ಬಿದ್ದರೆ ಹೊರಬರಲಾರದು, ಅದಕ್ಕೇ. ಇಷ್ಟು ಕಾಳಜಿಯನ್ನು ಯಾವ ಜಾಹೀರಾತಿನಲ್ಲೂ ಬರೆದಿರಲಿಲ್ಲ.

ಜಾಹೀರಾತಿನಲ್ಲಿ ಬರೆದದ್ದೇ ಬೇರೆ, ನನ್ನ ದೊಡ್ಡ ದೂರು ಇರುವುದೂ ಅದರ ಬಗ್ಗೆಯೇ. ಲಮೇರ್ ಕಾಲುವೆ, ಪೋರ್ಟ್ ಲಾಕ್ರಾಯ್, ಡಿಸೆಪ್ಷನ್ ದ್ವೀಪ ಎಂದು ದಿನವಾರು ಪಟ್ಟಿಯನ್ನು ಖಚಿತ ಕಾರ್ಯಕ್ರಮವೆಂಬಂತೆ ಅಚ್ಚು ಹಾಕಿ, ಎಲ್ಲವೂ ಗಾಳಿ ಮತ್ತು ಮಂಜುಗಡ್ಡೆಯನ್ನು ಅವಲಂಬಿಸಿದೆ ಎಂಬ ಮಾತನ್ನು ಕೊನೆಯ ಪುಟದ ಸಣ್ಣಕ್ಷರಕ್ಕೆ ತಳ್ಳಿದ್ದರು. 1944ರಲ್ಲಿ ಬ್ರಿಟನ್ ಸ್ಥಾಪಿಸಿದ ನೆಲೆಯಿದ್ದು, ಈಗ ಅಂಚೆ ಕಚೇರಿ ನಡೆಯುವ ಪೋರ್ಟ್ ಲಾಕ್ರಾಯ್‌ಗೆ ನಾವು ಹೋಗಲಾಗಲಿಲ್ಲ. ಅಲ್ಲಿಂದ ಕಾಗದ ಹಾಕುವುದಾಗಿ ಅಮ್ಮನಿಗೆ ಮಾತು ಕೊಟ್ಟಿದ್ದೆ. ಆ ಬೇಸರ ಇನ್ನೂ ಹೋಗಿಲ್ಲ. ಹಡಗಿನ ಮೇಲೆ ಅಷ್ಟು ಪ್ರಾಮಾಣಿಕವಾಗಿ ಮಾತಾಡುವ ಸಂಸ್ಥೆ ಟಿಕೆಟ್ ಮಾರುವಾಗಲೂ ಹಾಗೆಯೇ ಮಾತಾಡಬೇಕಿತ್ತು. ಮೂರು ತಿಂಗಳ ಮುಂಚೆ ಅಳತೆ ಕಳಿಸಿದ್ದರೂ ನನಗೆ ಕೊಟ್ಟ ಬೂಟು ದೊಡ್ಡದಾಗಿತ್ತು, ಬದಲಿ ಸಿಕ್ಕಿದ್ದು ಮೂರನೆಯ ಬಾರಿ ದಡಕ್ಕಿಳಿಯುವಾಗ. ತುರ್ತು ಸಾಗಣೆಯನ್ನೂ ಒಳಗೊಂಡ ವೈದ್ಯಕೀಯ ವಿಮೆ ಕಡ್ಡಾಯವೆಂದು ಮಧ್ಯವರ್ತಿ ಏಜೆಂಟ್ ತಿಳಿಸಿದ್ದು ಹೊರಡಲು ಮೂರು ವಾರವಿದ್ದಾಗ. ಹಣ ಕಟ್ಟುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಿ.

ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ನೆಲೆಗಳಾದ ಮೈತ್ರಿ, ಭಾರತಿಗಳನ್ನು ಈ ಯಾನದಲ್ಲಿ ನೋಡಬಹುದೇ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಇಲ್ಲ, ಅವು ಖಂಡದ ಪೂರ್ವ ಭಾಗದಲ್ಲಿವೆ, ಉಶುವಾಯಾದಿಂದ ಹೊರಡುವ ಹಡಗುಗಳು ತಲುಪುವುದು ಪಶ್ಚಿಮದ ಪರ್ಯಾಯದ್ವೀಪವನ್ನು. ತಿಂಗಳನ್ನು ಆರಿಸುವಾಗ, ಮಾಸದ ಹಿಮ ಮತ್ತು ಗೂಡು ಕಟ್ಟುವ ಪೆಂಗ್ವಿನ್ ಬೇಕಿದ್ದರೆ ನವೆಂಬರ್, ಮರಿಗಳು ಬೇಕಿದ್ದರೆ ಜನವರಿ, ತಿಮಿಂಗಿಲಗಳು ಹೆಚ್ಚು ಕಾಣಬೇಕಿದ್ದರೆ ಫೆಬ್ರುವರಿ ಕೊನೆ ಅಥವಾ ಮಾರ್ಚ್ ಸೂಕ್ತ. ಕ್ಯಾಬಿನ್ ಯಾವ ತಿಂಗಳಲ್ಲಾದರೂ ಕೆಳ ಅಂತಸ್ತಿನ ನಡುಭಾಗದ್ದೇ ಇರಲಿ. ಹಣ ಕೂಡಿದರೆ ಇದೇ ಹಡಗಿನಲ್ಲಿ ನಾನು ಮತ್ತೊಮ್ಮೆ ಹೋಗುತ್ತೇನೆ, ಆ ಕಾಗದ ಇನ್ನೂ ಹಾಕಬೇಕಿದೆ.