ಅಲ್ಬರಿನ್ಯೊ ಬಿಳಿ ವೈನ್: ಯಾವ ಬಾಟ್ಲಿ ಯಾವ ಮೀನಿಗೆ?

ಮೊದಲೇ ಹೇಳಿಬಿಡುತ್ತೇನೆ: ಒಂದೇ ಬಾಟ್ಲಿ ಕೊಳ್ಳುವುದಾದರೆ ಲೇಬಲ್ ಮೇಲೆ ‘ಸೊಬ್ರೆ ಲೀಯಾಸ್’ ಅಂತ ಬರೆದಿರುವುದನ್ನು ತಗೊಳ್ಳಿ. ಆದರೆ ಜೊತೆಗೆ ಬಂಗುಡೆ ಪುಳಿಮುಂಚಿ ಇದ್ದರೆ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಲ್ಬರಿನ್ಯೊ ಅನ್ನುವುದು ದ್ರಾಕ್ಷಿಯ ಹೆಸರು. ಸ್ಪೇನ್‌ನ ವಾಯವ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ದಂಡೆಯ ಗಲೀಸಿಯಾದಲ್ಲಿ, ರಿಯಾಸ್ ಬೈಷಾಸ್ ಅಂತ ಒಂದು ವೈನ್ ಪ್ರದೇಶವಿದೆ. 1988ರಲ್ಲಿ ಅದಕ್ಕೆ ಅಧಿಕೃತ ಮಾನ್ಯತೆ ಸಿಕ್ಕಿತು. ಸ್ಪೇನ್ ಅಂದರೆ ಒಣ ಬಿಸಿಲು ಅಂದುಕೊಂಡವರಿಗೆ ಇಲ್ಲಿನ ಮಳೆ ಆಶ್ಚರ್ಯ ಹುಟ್ಟಿಸುತ್ತದೆ. ಅದಕ್ಕೇ ಬಳ್ಳಿಯನ್ನು ಗ್ರಾನೈಟ್ ಕಂಬ ನೆಟ್ಟು ಚಪ್ಪರಕ್ಕೆ ಹಬ್ಬಿಸುತ್ತಾರೆ, ಗೊಂಚಲು ತಲೆ ಮೇಲೆ ತೂಗುತ್ತದೆ, ಕೆಳಗೆ ಗಾಳಿ ಆಡುತ್ತದೆ, ಬೂಷ್ಟು ಹಿಡಿಯುವುದು ಕಮ್ಮಿ. ಹಣ್ಣಿನ ಸಿಪ್ಪೆಯೂ ದಪ್ಪ.

ನಾನು ಪಕ್ಕಪಕ್ಕ ಇಟ್ಟು ಕುಡಿದದ್ದರಲ್ಲಿ ಮುಖ್ಯ ಪೈಪೋಟಿ ಎರಡರದ್ದು, ಎರಡೂ ಸಮುದ್ರಕ್ಕೆ ಹತ್ತಿರದ ವಾಲ್ ದೊ ಸಲ್ನೇಸ್ ಕಡೆಯವು. ಒಂದು ಸ್ಟೀಲ್ ಟ್ಯಾಂಕಿನಲ್ಲಿ ಹುದುಗಿ ಬೇಗ ಬಾಟ್ಲಿಗೆ ಇಳಿದ ಎಳೆ ವೈನ್. ಮೂಗಿಗೆ ನಿಂಬೆ ಸಿಪ್ಪೆ, ಹಿಂದೆಯೇ ಪೀಚ್. ನುಂಗಿದ ಮೇಲೆ ದವಡೆಯ ಎರಡೂ ಬದಿ ಜುಮ್ ಅಂದು ನೀರೂರುತ್ತದೆ, ತುಟಿಯಲ್ಲಿ ಉಪ್ಪು ಉಪ್ಪು. ಅಷ್ಟೇ, ರುಚಿ ಬೇಗ ಮುಗಿಯುತ್ತದೆ.

ಇನ್ನೊಂದು ಸೊಬ್ರೆ ಲೀಯಾಸ್, ಅಂದರೆ ಹುದುಗುವಿಕೆ ಮುಗಿದು ತಳಕ್ಕೆ ಕೂತ ಯೀಸ್ಟ್ ಗಸಿಯ ಜೊತೆಗೇ ತಿಂಗಳುಗಟ್ಟಲೆ ಇಟ್ಟದ್ದು, ಕೆಲವರು ಆ ಗಸಿಯನ್ನು ಆಗಾಗ ಕಲಕುತ್ತಾರೆ ಕೂಡ. ಹುಳಿ ಅದೇ, ಆದರೆ ಅದರ ಸುತ್ತ ಮೈ ತುಂಬಿಕೊಂಡಿರುತ್ತದೆ. ಬ್ರೆಡ್ಡಿನ ತುಣುಕಿನ ವಾಸನೆ, ನಾಲಿಗೆ ಮೇಲೆ ನುಣುಪು, ಉಪ್ಪಿನ ರುಚಿ ಬಹಳ ಹೊತ್ತು ನಿಲ್ಲುತ್ತದೆ. ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದರೆ ಇದೇನೂ ಗೊತ್ತಾಗುವುದಿಲ್ಲ, ಎರಡೂ ಒಂದೇ ಅನಿಸುತ್ತವೆ. ಹತ್ತು-ಹನ್ನೆರಡು ಡಿಗ್ರಿಗೆ ಬರುವ ತನಕ ಸುಮ್ನೆ ಬಿಡಿ.

ಓಕ್ ಪೀಪಾಯಿಯದ್ದೂ ಸಿಗುತ್ತದೆ, ಬೆಲೆಯೂ ಜಾಸ್ತಿ. ನನ್ನ ಬಾಟ್ಲಿಯಲ್ಲಿ ವೆನಿಲ್ಲಾ ಎದ್ದು ಕಾಣುತ್ತಿತ್ತು, ಪೀಚ್ ಎಲ್ಲೋ ಹೋಗಿತ್ತು. ಅಷ್ಟು ದುಡ್ಡು ಕೊಟ್ಟು ಸಮುದ್ರದ ವೈನ್‌ನಿಂದ ಸಮುದ್ರವನ್ನೇ ತೆಗೆಸುವುದು ಯಾಕೆ? ಉಳಿದದ್ದನ್ನು ಪಚ್ಚಿಲೆ ಬೇಯಿಸುವ ಪಾತ್ರೆಗೆ ಸುರಿದೆವು.

ಗಡಿಯಾಚೆಯದ್ದು ಬೇರೆ ಕಥೆ. ಮಿನ್ಯೊ ನದಿ ದಾಟಿದರೆ ಪೋರ್ಚುಗಲ್‌ನ ಮೊನ್ಸಾವ್ ಮತ್ತು ಮೆಲ್ಗಾಸು. ದ್ರಾಕ್ಷಿ ಅದೇ, ಅಲ್ಲಿ ಆಲ್ವರಿನ್ಯೊ ಅನ್ನುತ್ತಾರೆ. ಈ ಊರುಗಳು ಸೇರುವ ವೈನ್ ಪ್ರದೇಶದ ಹೆಸರು ವಿನ್ಯು ವೆರ್ದ್. ಆ ಹೆಸರು ಅಂದ ಕೂಡಲೇ ತೆಳು, ಸ್ವಲ್ಪ ಗುಳ್ಳೆ ಬರುವ ಅಗ್ಗದ ವೈನ್ ನೆನಪಾಗುತ್ತದೆ ಅಲ್ವಾ, ಇದು ಅದೇ ಪ್ರದೇಶದ್ದಾದರೂ ಹಾಗಿಲ್ಲ. ಬೆಟ್ಟಗಳು ಸಮುದ್ರದ ತಂಪನ್ನು ತಡೆಯುವುದರಿಂದ ಹಣ್ಣು ಚೆನ್ನಾಗಿ ಮಾಗುತ್ತದೆ. ಏಪ್ರಿಕಾಟ್ ಪರಿಮಳ ಜಾಸ್ತಿ, ಉಪ್ಪು ಕಮ್ಮಿ. ವೈನ್ ಹೊಸದಾಗಿ ಕುಡಿಯುವವರಿಗೆ ಇದೇ ಇಷ್ಟವಾಗಬಹುದು. ಸ್ಪೇನ್ ಕಡೆಯಲ್ಲೂ ಒಳನಾಡಿನ ಕೊಂದಾದೊ ದೊ ತೆಯಾದ್ದು ಹೆಚ್ಚುಕಮ್ಮಿ ಇದೇ ದಾರಿ.

ಇನ್ನು ಊಟ. ಸಿಂಪಿ, ಪಚ್ಚಿಲೆ, ಉಪ್ಪು-ನಿಂಬೆ ಮಾತ್ರ ಹಾಕಿದ ಮೀನು ಇದ್ದರೆ ಸೊಬ್ರೆ ಲೀಯಾಸ್‌ಗೆ ಸಾಟಿಯಿಲ್ಲ. ಪುಳಿಮುಂಚಿಯ ಖಾರ, ಹುಣಸೆ ಹುಳಿ ಅದರ ನುಣುಪನ್ನು ಪೂರ್ತಿ ಮುಚ್ಚಿ ಹಾಕಿತು, ಬಾಯಲ್ಲಿ ಆಲ್ಕೋಹಾಲ್ ಉರಿ ಮಾತ್ರ ಉಳಿಯಿತು. ಅಲ್ಲಿ ಅಗ್ಗದ ಎಳೆಯದ್ದೇ ಗೆದ್ದಿತು, ಅದನ್ನು ಚೆನ್ನಾಗಿ ತಣ್ಣಗೆ ಮಾಡಿಯೇ ಕುಡಿಯಬೇಕು. ರವೆ ಹಚ್ಚಿ ಕರಿದ ಕಾಣೆಗೆ ಎರಡೂ ಒಗ್ಗುತ್ತವೆ.

ಕೊಳ್ಳುವಾಗ ವರ್ಷ ನೋಡಿ. ಎಳೆಯದ್ದಾದರೆ ಅಂಗಡಿಯಲ್ಲಿರುವ ತೀರಾ ಹೊಸ ವರ್ಷದ್ದೇ ಬೇಕು, ಹಳೆ ಸ್ಟಾಕಿಗೆ ರಿಯಾಯಿತಿ ಕೊಟ್ಟರೂ ಮುಟ್ಟಬೇಡಿ. ಗಸಿಯ ಮೇಲಿಟ್ಟದ್ದು ಮೂರು-ನಾಲ್ಕು ವರ್ಷ ಹಳೆಯದಾದರೂ ಧೈರ್ಯವಾಗಿ ತಗೊಳ್ಳಿ.