ಶೋಟೋಕಾನಾ, ಕ್ಯೋಕುಶಿನ್ನಾ: ಸಿಟ್ಟಿಗೆ ಯಾವ ಕರಾಟೆ?

ಕರಾಟೆ ಕಲಿತರೆ ಸಿಟ್ಟು ಹಿಡಿತಕ್ಕೆ ಬರುತ್ತದೆ ಅಂತ ಎಲ್ಲ ಕ್ಲಾಸಿನ ಬೋರ್ಡೂ ಹೇಳುತ್ತದೆ. ಯಾವ ಕರಾಟೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಆಟೋ ಹಿಂದೆ 'ಕರಾಟೆ ಕಿಂಗ್ ಶಂಕರ್‌ನಾಗ್' ಅಂತ ಓದಿ ಬೆಳೆದ ನಮಗೆ ಕರಾಟೆ ಅಂದರೆ ಹೊಡೆಯೋದು, ಅಷ್ಟೇ. ನಾನು ಮೊದಲು ಶೋಟೋಕಾನ್ ಅನ್ನುವ ಶೈಲಿ ಕಲಿತೆ, ಆಮೇಲೆ ಕ್ಯೋಕುಶಿನ್ ಅನ್ನುವ ಇನ್ನೊಂದು ಶೈಲಿಗೆ ಹೋದೆ. ಎರಡರಲ್ಲೂ ಅದೇ ಬಿಳಿ ಬಟ್ಟೆ, ಅದೇ ಬಣ್ಣದ ಬೆಲ್ಟು. ಸಿಟ್ಟಿನ ವಿಷಯದಲ್ಲಿ ಮಾತ್ರ ಎರಡರ ದಾರಿಯೇ ಬೇರೆ.

ಶೋಟೋಕಾನ್ ಅಂದರೆ ಜಪಾನಿನ ಒಕಿನಾವಾ ದ್ವೀಪದ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋಗೆ ಹೋಗಿ ಅಲ್ಲಿ ಬೆಳೆಸಿದ ಕರಾಟೆ. ಮೊದಲ ಏಟು ನಮ್ಮದಾಗಬಾರದು ಅನ್ನುವುದು ಅವರ ಇಪ್ಪತ್ತು ಸೂತ್ರಗಳಲ್ಲಿ ಒಂದು. ಆರಂಭದಲ್ಲಿ ಕಲಿಸುವ ಹೆಯಾನ್ ಶೋಡಾನ್ ಕಟಾ (ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿ) ಕೂಡ ಹಾಗೇ ಇದೆ: ಎಡಕ್ಕೆ ತಿರುಗಿ ಕೆಳಗೆ ಬ್ಲಾಕ್ ಮಾಡಬೇಕು, ಪಂಚ್ ಆಮೇಲೆ. ಇದನ್ನೇ ತಿಂಗಳುಗಟ್ಟಲೆ ಮಾಡಿಸುತ್ತಾರೆ. ಬೋರ್ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ನಿಜವಾದ ಪಾಠ ಇರುವುದು ಕುಮಿತೆಯಲ್ಲಿ, ಅಂದರೆ ಇಬ್ಬರು ಎದುರುಬದುರು ನಿಂತು ಆಡುವ ಹೊಡೆದಾಟದಲ್ಲಿ. ಪಂಚ್ ಪೂರ್ತಿ ಜೋರಾಗಿ ಹೋಗಬೇಕು, ಆದರೆ ಎದುರಿನವನ ಮೂಗಿನ ಮುಂದೆ ನಿಲ್ಲಬೇಕು. ಇದಕ್ಕೆ ಸುನ್‌ದೋಮೆ ಅನ್ನುತ್ತಾರೆ. ಮನಸ್ಸು ತಣ್ಣಗಿದ್ದಾಗ ಇದೇನೂ ಕಷ್ಟವಲ್ಲ. ಎದುರಿನವನು ಆಗಷ್ಟೇ ತುಟಿಗೆ ತಾಗಿಸಿರುತ್ತಾನೆ ನೋಡಿ, ಆಗ ಗೊತ್ತಾಗುತ್ತದೆ. ತುಟಿ ಉರಿಯುತ್ತಿರುತ್ತದೆ, ಅವನ ಮುಖಕ್ಕೆ ಅಡ್ಡ ಏನೂ ಇರುವುದಿಲ್ಲ, ಆಗಲೂ ಮುಷ್ಟಿ ಎರಡು ಬೆರಳು ಹಿಂದೆಯೇ ನಿಲ್ಲಬೇಕು.

ಇದು ಬರೀ ಕ್ಲಾಸಿನ ಶಿಸ್ತಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ 75 ಕೆಜಿ ಮೇಲ್ಪಟ್ಟವರ ಫೈನಲ್‌ನಲ್ಲಿ ಸೌದಿಯ ತಾರೆಗ್ ಹಮೀದಿ 4-1ರಲ್ಲಿ ಮುಂದಿದ್ದರು. ಅವರ ಒಂದು ಕಿಕ್‌ಗೆ ಇರಾನಿನ ಸಜ್ಜಾದ್ ಗಂಜ್‌ಜಾದೆ ನೆಲಕ್ಕೆ ಬಿದ್ದು ಪ್ರಜ್ಞೆ ತಪ್ಪಿದರು. ಚಿನ್ನ ಸಿಕ್ಕಿದ್ದು ಬಿದ್ದವರಿಗೆ. ಏಟು ಮಿತಿ ಮೀರಿತು ಅಂತ ಹಮೀದಿಯನ್ನು ಅನರ್ಹಗೊಳಿಸಿದರು. ತೀರ್ಪಿನ ಬಗ್ಗೆ ಜಗಳ ಇನ್ನೂ ಇದೆ, ಇರಲಿ. ಬೇರೆ ಯಾವ ಹೊಡೆದಾಟದಲ್ಲಿ ಹೀಗಾಗುತ್ತದೆ ಹೇಳಿ?

ಕ್ಯೋಕುಶಿನ್‌ನಲ್ಲಿ ಈ ನಿಲ್ಲಿಸುವ ಮಾತೇ ಇಲ್ಲ. ಕೊರಿಯಾದಲ್ಲಿ ಹುಟ್ಟಿದ ಮಸುತಾತ್ಸು ಓಯಾಮಾ ಸ್ವತಃ ಶೋಟೋಕಾನ್ ಕಲಿತವರು. ಆಮೇಲೆ ತಮ್ಮದೇ ದಾರಿ ಹಿಡಿದು 1964ರಲ್ಲಿ ಅಂತರರಾಷ್ಟ್ರೀಯ ಸಂಘ ಕಟ್ಟಿದರು. ಮುಖಕ್ಕೆ ಕೈಯಿಂದ ಹೊಡೆಯುವಂತಿಲ್ಲ. ಎದೆ, ಹೊಟ್ಟೆ, ತೊಡೆಗೆ ಪೂರ್ತಿ ಬಲ ಹಾಕಬಹುದು. ತಲೆಗೆ ಕಿಕ್ ಕೂಡ ನಡೆಯುತ್ತದೆ. ತೊಡೆಗೆ ನಾಲ್ಕು ಲೋ ಕಿಕ್ ತಿಂದ ಮರುದಿನ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ, ಕಂಬಿ ಹಿಡಿದು ಇಳಿಯಬೇಕಾಗುತ್ತದೆ.

ಇಲ್ಲಿ ಸಿಟ್ಟಿಗೆ ಶಿಕ್ಷೆ ಅಲ್ಲಿಂದಲ್ಲಿಗೇ ಸಿಗುತ್ತದೆ. ಸಿಟ್ಟು ಬಂದವನು ಮುನ್ನುಗ್ಗುತ್ತಾನೆ, ಮೊಣಕೈ ಮೇಲೇಳುತ್ತದೆ, ಮುಂದಿನ ಏಟು ಸೀದಾ ಪಕ್ಕೆಲುಬಿಗೆ. ಮೈಯೇ ಬುದ್ಧಿ ಕಲಿಯುತ್ತದೆ. ಏಟಿನ ಹೆದರಿಕೆಯೂ ಕಡಿಮೆಯಾಗುತ್ತದೆ, ಅದು ಸಣ್ಣ ಲಾಭ ಅಲ್ಲ. ಎಷ್ಟೋ ಜನ ಕೂಗಾಡುವುದು ಒಳಗೊಳಗೇ ಹೆದರಿಕೆ ಇರುವುದಕ್ಕೆ ಅಲ್ವಾ?

ಆದರೆ ಹೊಡೆಯಬಹುದಾದಾಗ ಹೊಡೆಯದೇ ಇರುವ ಅಭ್ಯಾಸ ಅಲ್ಲಿ ನನಗೆ ಸಿಗಲಿಲ್ಲ. ಸಿಗ್ನಲ್‌ನಲ್ಲಿ ಬೈಕ್ ತಾಗಿಸಿ ತಿರುಗಿ ಬೈಯುವವನ ಎದುರು ಬೇಕಾಗುವುದು ಅದೇ. ಹೆದರಿ ಕೂಗುವವರಿಗೆ ಕ್ಯೋಕುಶಿನ್ ಒಳ್ಳೆಯದು. ಕೈ ಮುಂದಾಗುವವರಿಗೆ ಶೋಟೋಕಾನ್. ನಾನು ಎರಡನೆಯ ಜಾತಿ, ಹಾಗಾಗಿ ಶೋಟೋಕಾನ್‌ಗೇ ವಾಪಸ್ ಬಂದೆ. ಗೋಜು-ರ್ಯು ಅನ್ನುವ ಇನ್ನೊಂದು ಶೈಲಿ ಕೂಡ ಇದೆ. ಅದರ ಸಾಂಚಿನ್ ಕಟಾದ ಉಸಿರಾಟ ಚೆನ್ನಾಗಿದೆ, ಆದರೆ ಒಬ್ಬನೇ ನಿಂತು ಉಸಿರಾಡುವಾಗ ಯಾರಿಗೆ ಸಿಟ್ಟು ಬರುತ್ತದೆ?

ಇನ್ನು ಬೆಲ್ಟಿನ ವ್ಯಾಪಾರ ಎರಡು ಕಡೆಯೂ ಇದೆ. ಫೀಸು ಕಟ್ಟಿದವರಿಗೆಲ್ಲ ಹೊಸ ಬಣ್ಣ ಕೊಡುವ ಕ್ಲಾಸನ್ನೂ ನೋಡಿದ್ದೇನೆ. ಸೇರುವ ಮುಂಚೆ ಕುಮಿತೆ ಇರುವ ದಿನ ಹೋಗಿ ಸುಮ್ನೆ ಒಂದು ಮೂಲೆಯಲ್ಲಿ ಕುಳಿತು ನೋಡಿ. ಯಾರಾದರೂ ನಿಯಮ ಮೀರಿ ಹೊಡೆದಾಗ ಮಾಸ್ಟರ್ ಆಟ ನಿಲ್ಲಿಸುತ್ತಾರಾ, ನಕ್ಕು ಬಿಡುತ್ತಾರಾ ಗಮನಿಸಿ. ನಕ್ಕರೆ ಫೀಸು ಕಟ್ಟಬೇಡಿ.