ಸಿಸಿಎನ್‌ಎ ಲ್ಯಾಬ್‌ಗೆ ಯಾವುದು ವಾಸಿ: ಪ್ಯಾಕೆಟ್ ಟ್ರೇಸರ್, ಹಳೇ ಸ್ವಿಚ್, ಸಿಎಂಎಲ್

ಕಾರವಾರ, ಕುಮಟಾ, ಶಿರಸಿ ಕಡೆ ಡಿಪ್ಲೊಮಾ ಅಥವಾ ಬಿಸಿಎ ಮುಗಿಸಿ ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆ ಸಿಸಿಎನ್‌ಎಗೆ ಕೂರುವವರಿಗೆ ಓದಲು ಪುಸ್ತಕ, ವಿಡಿಯೊ ಬೇಕಾದಷ್ಟಿವೆ. ಗೊಂದಲವಾಗುವುದು ಕೈ ಪಳಗಿಸುವುದು ಎಲ್ಲಿ ಎಂಬಲ್ಲಿ. ಪರೀಕ್ಷೆ 120 ನಿಮಿಷದ್ದು, ಶುಲ್ಕ 300 ಡಾಲರ್. ಒಂದು ಪ್ರಶ್ನೆ ಮುಗಿಸಿ ಮುಂದಕ್ಕೆ ಹೋದರೆ ಮತ್ತೆ ಹಿಂದಕ್ಕೆ ಬರುವಂತಿಲ್ಲ. ಫೇಲಾದರೆ 5 ದಿನ ಕಾದು, ಪೂರ್ತಿ ಶುಲ್ಕ ಕಟ್ಟಿ ಮತ್ತೆ ಬರೆಯಬೇಕು. ರೌಟರ್ ಕಾನ್ಫಿಗರ್ ಮಾಡುವ ಪ್ರಶ್ನೆ ಎದುರಿಗೆ ಬಂದಾಗ ಬೆರಳು ತಡವರಿಸಿದರೆ ಆ ದುಡ್ಡು ಹೋದ ಹಾಗೆಯೇ.

ಕೈ ಪಳಗಿಸಲು ದಾರಿ ಮೂರು: ನೆಟ್‌ವರ್ಕನ್ನು ಪರದೆಯ ಮೇಲೆ ಅನುಕರಿಸುವ ಪ್ಯಾಕೆಟ್ ಟ್ರೇಸರ್, ಸೆಕೆಂಡ್‌ಹ್ಯಾಂಡ್ ಸ್ವಿಚ್, ಸಿಸ್ಕೊ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿನಲ್ಲಿ ಓಡಿಸುವ ಸಿಎಂಎಲ್ (ಸಿಸ್ಕೊ ಮಾಡೆಲಿಂಗ್ ಲ್ಯಾಬ್ಸ್). ಹೋಲಿಕೆಗೆ ಮೂರರಲ್ಲೂ ಒಂದೇ ಅಭ್ಯಾಸ ಕೊಟ್ಟು ನೋಡಿದ್ದೇವೆ. ಕಾರವಾರದಲ್ಲಿ ಮುಖ್ಯ ಕಚೇರಿ, ಕುಮಟಾ ಮತ್ತು ಶಿರಸಿಯಲ್ಲಿ ಶಾಖೆ. ಊರಿಗೊಂದು ರೌಟರ್, ಒಂದು ಸ್ವಿಚ್. ಕಾರವಾರದಲ್ಲಿ ವಿಲ್ಯಾನ್ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ಜಾಲ) 10, 20 ಮತ್ತು 99, ಒಂದೇ ಕೇಬಲ್ ಮೇಲೆ ಸಬ್‌ಇಂಟರ್ಫೇಸ್‌ಗಳ ಮೂಲಕ ರೌಟಿಂಗ್. ಊರುಗಳ ನಡುವೆ /30 (ಎರಡೇ ವಿಳಾಸ ಬಳಸಬಹುದಾದ) ಲಿಂಕ್, ರೌಟರ್‌ಗಳು ಒಂದಕ್ಕೊಂದು ದಾರಿ ತಿಳಿಸಿಕೊಳ್ಳಲು ಓಎಸ್‌ಪಿಎಫ್ ಏರಿಯಾ 0. ಕೊನೆಗೆ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವುದು) ಮತ್ತು ಒಂದು ಎಸಿಎಲ್ (ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿ).

ಪ್ಯಾಕೆಟ್ ಟ್ರೇಸರ್ ಪುಕ್ಕಟೆ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದು ಇಳಿಸಿಕೊಂಡರಾಯಿತು, 4 ಜಿಬಿ ರ್‍ಯಾಮಿನ ಹಳೇ ಲ್ಯಾಪ್‌ಟಾಪಿನಲ್ಲೂ ಮೂರೂ ಊರು ಸಲೀಸಾಗಿ ಓಡುತ್ತವೆ. ಇದರ ನಿಜವಾದ ಬಲ ಸಿಮ್ಯುಲೇಶನ್ ಮೋಡ್. ಪಿಂಗ್ ಕಳಿಸಿದಾಗ ಮೊದಲು ಎದುರಿನ ಸಾಧನದ ಮ್ಯಾಕ್ (ಹಾರ್ಡ್‌ವೇರ್) ವಿಳಾಸ ಕೇಳುವ ಎಆರ್‌ಪಿ ಲಕೋಟೆ ಹೊರಟು, ಆ ವಿಳಾಸ ಸಿಕ್ಕಿದ ಮೇಲಷ್ಟೇ ಪಿಂಗ್‌ನ ಐಸಿಎಂಪಿ ಲಕೋಟೆ ಹೊರಡುವುದನ್ನು ಕಣ್ಣಾರೆ ನೋಡಬಹುದು. ರೌಟರಿನಿಂದ ಮೊದಲ ಸಲ ಪಿಂಗ್ ಮಾಡಿದಾಗ ಒಂದು ಚುಕ್ಕಿ (ಉತ್ತರ ಬರಲಿಲ್ಲ), ಆಮೇಲೆ ನಾಲ್ಕು ಆಶ್ಚರ್ಯಚಿಹ್ನೆ (ಉತ್ತರ ಬಂತು) ಏಕೆ ಬರುತ್ತದೆ ಎಂಬುದು ಇಲ್ಲಿ ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ. ವೈರ್‌ಲೆಸ್ ಕಂಟ್ರೋಲರಿನ ಪುಟಗಳೂ ಇದರಲ್ಲಿವೆ. ಹಳೇ ಸ್ವಿಚ್ ಎಷ್ಟು ಕೊಂಡರೂ ಅವು ಸಿಗುವುದಿಲ್ಲ.

ತೊಂದರೆ ಬರುವುದು ಅದು ಕೊಡುವ ಸಲೀಸಿನಿಂದಲೇ. ಸ್ವಿಚ್‌ಗೆ ಪಿಸಿ ಚುಚ್ಚಿದಾಗ ಪೋರ್ಟಿನ ದೀಪ ಕಿತ್ತಳೆಯಿಂದ ಹಸಿರಾಗಲು ಸುಮಾರು 30 ಸೆಕೆಂಡ್ ಬೇಕು: ಜಾಲದಲ್ಲಿ ಪ್ಯಾಕೆಟ್ ಸುತ್ತುತ್ತಲೇ ಇರದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ 15 ಸೆಕೆಂಡ್ ಆಲಿಸುತ್ತದೆ, ಇನ್ನೊಂದು 15 ಸೆಕೆಂಡ್ ಕಲಿಯುತ್ತದೆ. ಪ್ಯಾಕೆಟ್ ಟ್ರೇಸರಿನಲ್ಲಿ ಫಾಸ್ಟ್ ಫಾರ್ವರ್ಡ್ ಒತ್ತಿ ಇದನ್ನು ದಾಟಿಬಿಡುತ್ತಾರೆ. ಮಿಂಚಿನ ಗುರುತಿನ ಕೇಬಲ್ ಆರಿಸಿದರೆ ಸರಿಯಾದ ಕೇಬಲನ್ನು ಅದೇ ಹುಡುಕಿಕೊಡುತ್ತದೆ. ಜೊತೆಗೆ ಸಿಸ್ಕೊ ಸಾಧನಗಳನ್ನು ನಡೆಸುವ ನಿಜವಾದ ಐಓಎಸ್ ಸಾಫ್ಟ್‌ವೇರಿನ ಎಲ್ಲ ಕಮಾಂಡ್‌ಗಳೂ ಇದರಲ್ಲಿಲ್ಲ. ಸರಿಯಾಗಿಯೇ ಟೈಪ್ ಮಾಡಿದ್ದನ್ನು ತಪ್ಪೆಂದು ತೋರಿಸಿದಾಗ ಹೊಸಬರು ತಮ್ಮನ್ನೇ ಅನುಮಾನಿಸುತ್ತಾರೆ.

ಕೈಯಲ್ಲಿ ಹಿಡಿಯುವ ಸ್ವಿಚ್ ಬೇರೆಯದೇ ಪಾಠ ಹೇಳುತ್ತದೆ. ಸಿಸ್ಕೊದ 2960 ಮಾದರಿಯ ಸೆಕೆಂಡ್‌ಹ್ಯಾಂಡ್ ಸ್ವಿಚ್ ಒಂದು ಸಾಕು. ಲ್ಯಾಪ್‌ಟಾಪಿನಿಂದ ಸ್ವಿಚ್‌ಗೆ ಕಮಾಂಡ್ ಕೊಡಲು ಬೇಕಾದ ಯುಎಸ್‌ಬಿ ಕನ್ಸೋಲ್ ಕೇಬಲ್ ಕೊಳ್ಳುವಾಗ ಎಫ್‌ಟಿಡಿಐ ಚಿಪ್ ಇರುವುದನ್ನೇ ಕೇಳಿ. ಪ್ರೊಲಿಫಿಕ್ ಚಿಪ್ಪಿನ ನಕಲಿ ಕೇಬಲ್‌ಗಳಿಗೆ ವಿಂಡೋಸ್ ‘ಕೋಡ್ 10’ ಎಂದು ಹೇಳಿ ಕೈ ಎತ್ತಿಬಿಡುತ್ತದೆ. ಕಮಾಂಡ್ ಟೈಪ್ ಮಾಡುವ ಪುಟ್ಟಿ ಎಂಬ ಸಾಫ್ಟ್‌ವೇರಿನಲ್ಲಿ ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ಇಲ್ಲ. ಪರದೆಯಲ್ಲಿ ಅರ್ಥವಿಲ್ಲದ ಅಕ್ಷರ ಬಂದರೆ ವೇಗ ತಪ್ಪಿದೆ ಎಂದೇ ತಿಳಿಯಿರಿ.

ಹಳೇ ಮಾಲೀಕರ ಪಾಸ್‌ವರ್ಡ್ ಉಳಿದಿರುವುದು ಮಾಮೂಲು. ಪವರ್ ತೆಗೆಯಿರಿ, ಮುಂದಿನ ಮೋಡ್ ಗುಂಡಿ ಒತ್ತಿ ಹಿಡಿದೇ ಪವರ್ ಕೊಡಿ, ‘ಸ್ವಿಚ್:’ ಎಂಬ ಪ್ರಾಂಪ್ಟ್ ಬರುವ ಹಾದಿ ಅದು. ‘ಫ್ಲ್ಯಾಶ್_ಇನಿಟ್’ ಕೊಟ್ಟು, ಫ್ಲ್ಯಾಶಿನಲ್ಲಿರುವ ‘ಕಾನ್ಫಿಗ್.ಟೆಕ್ಸ್ಟ್’ ಮತ್ತು ‘ವಿಲ್ಯಾನ್.ಡ್ಯಾಟ್’ ಎರಡನ್ನೂ ಡಿಲೀಟ್ ಮಾಡಿ ‘ಬೂಟ್’ ಎನ್ನಿ. ಎರಡನೆಯದನ್ನು ಮರೆಯುವವರೇ ಹೆಚ್ಚು. ವಿಲ್ಯಾನ್‌ಗಳು ಆ ಫೈಲಿನಲ್ಲಿ ಕೂತಿರುತ್ತವೆ, ಕಾನ್ಫಿಗ್ ಅಳಿಸುವ ‘ರೈಟ್ ಇರೇಸ್’ ಕಮಾಂಡ್ ಅದನ್ನು ಮುಟ್ಟುವುದೇ ಇಲ್ಲ.

ಇಲ್ಲಿ ಫಾಸ್ಟ್ ಫಾರ್ವರ್ಡ್ ಇಲ್ಲ. ಆ 30 ಸೆಕೆಂಡಿನಲ್ಲಿ ಪಿಸಿ ಡಿಎಚ್‌ಸಿಪಿ ಮೂಲಕ ಐಪಿ ವಿಳಾಸ ಕೇಳಿ ಸೋತು 169.254ರಿಂದ ಶುರುವಾಗುವ ವಿಳಾಸ ಹಾಕಿಕೊಂಡು ಕೂತರೆ, ಆ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಯಾಕೆ ಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮಳೆಗಾಲವೂ ಒಂದು ಪಾಠ ಕಲಿಸುತ್ತದೆ. ಶಿರಸಿಯಲ್ಲಿ ಕರೆಂಟ್ ಹೋಗಿ ಬಂದಾಗ ಉಳಿಸದ ರನ್ನಿಂಗ್ ಕಾನ್ಫಿಗ್ (ಸದ್ಯ ಓಡುತ್ತಿರುವ ಸೆಟ್ಟಿಂಗ್) ಪೂರ್ತಿ ಮಾಯ. ಎರಡು ಸಲ ಹಾಗಾದರೆ, ಪ್ರತಿ ಹಂತಕ್ಕೂ ಸ್ಟಾರ್ಟಪ್ ಕಾನ್ಫಿಗ್‌ಗೆ (ಕರೆಂಟ್ ಹೋದರೂ ಉಳಿಯುವ ಪ್ರತಿ) ಕಾಪಿ ಮಾಡುವುದು ಕೈಗೇ ರೂಢಿಯಾಗುತ್ತದೆ. ಕರಾವಳಿಯಲ್ಲಿ ಇಟ್ಟುಕೊಳ್ಳುವವರು ಬಳಸದ ದಿನ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿಡಿ. ಉಪ್ಪುಗಾಳಿಗೆ ಕನ್ಸೋಲ್ ಪೋರ್ಟಿನ ಪಿನ್ನುಗಳು ಹಸಿರುಗಟ್ಟಿ ಸಂಪರ್ಕ ಆಗಾಗ ಕಡಿಯತೊಡಗುತ್ತದೆ.

ಹಾಗೆಂದು ರೌಟರ್‌ಗೂ ದುಡ್ಡು ಸುರಿಯಬೇಡಿ. ಓಎಸ್‌ಪಿಎಫ್‌ಗೆ ಎರಡು, ಮೂರು ರೌಟರ್ ಬೇಕು. ಫ್ಯಾನಿನ ಸದ್ದಿಗೆ ರಾತ್ರಿ ಮನೆಮಂದಿ ನಿದ್ದೆಗೆಡುತ್ತಾರೆ, ಕಲಿಯುವುದರಲ್ಲಿ ಅಂಥ ವ್ಯತ್ಯಾಸವೂ ಇಲ್ಲ.

ಸಿಎಂಎಲ್‌ನ ಪುಕ್ಕಟೆ ಆವೃತ್ತಿ ಓಡಿಸುವುದು ನಿಜವಾದ ಐಓಎಸ್ ಸಾಫ್ಟ್‌ವೇರನ್ನೇ. ಕಮಾಂಡ್ ಇಲ್ಲ ಎಂಬ ಗೋಳು ಬಹುಮಟ್ಟಿಗೆ ತೀರುತ್ತದೆ. ಆದರೆ ಒಮ್ಮೆಗೆ 5 ನೋಡ್ (ಸಾಧನ) ಮಾತ್ರ, ನಮ್ಮ ಮೂರು ಊರಲ್ಲಿ ಶಿರಸಿಯ ಸ್ವಿಚ್ ಹೊರಗುಳಿಯಿತು. ವರ್ಚುವಲ್ ಮಷಿನ್ ಒಂದಕ್ಕೇ 8 ಜಿಬಿ ರ್‍ಯಾಮ್ ಬೇಕು, ಅಂದರೆ 16 ಜಿಬಿ ಲ್ಯಾಪ್‌ಟಾಪ್. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡದಿದ್ದರೆ ಏನೂ ಏಳುವುದಿಲ್ಲ. ಓಎಸ್‌ಪಿಎಫ್‌ನಲ್ಲಿ ಪಕ್ಕದ ರೌಟರ್‌ಗಳು ಒಂದಕ್ಕೊಂದು ಕೂಡದಿದ್ದಾಗ ಕಾರಣ ಹುಡುಕುವ ಅಭ್ಯಾಸಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯದಿಲ್ಲ. ಒಂದು ಬದಿ ಹಲೋ ಟೈಮರ್ (ಎಷ್ಟು ಸೆಕೆಂಡಿಗೊಮ್ಮೆ ಹಲೋ ಕಳಿಸಬೇಕು ಎಂಬುದು) 10ರ ಬದಲು 5 ಮಾಡಿದರೆ ಪಕ್ಕದ ರೌಟರ್ ಕಾಣುವುದೇ ಇಲ್ಲ. ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಬದಲಿಸಿದರೆ ಪಕ್ಕದ ರೌಟರ್ ಕಾಣಿಸಿ ‘ಎಕ್ಸ್‌ಸ್ಟಾರ್ಟ್’ ಎಂಬ ಹಂತದಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಎರಡನ್ನೂ ಬೇಕೆಂದೇ ಕೆಡಿಸಿ ಸರಿಮಾಡಿ ನೋಡಿ.

ಮೂರನ್ನೂ ಬಳಸುವವರು ಒಂದು ಕಡೆ ಎಡವುತ್ತಾರೆ. ಪ್ಯಾಕೆಟ್ ಟ್ರೇಸರಿನ 3560 ಸ್ವಿಚ್‌ನಲ್ಲಿ ಟ್ರಂಕ್ ಮೋಡ್ (ಒಂದೇ ಕೇಬಲ್ ಮೇಲೆ ಹಲವು ವಿಲ್ಯಾನ್ ಸಾಗಿಸುವುದು) ಕೊಡುವ ಮೊದಲು ಎನ್‌ಕ್ಯಾಪ್ಸುಲೇಶನ್ (ವಿಲ್ಯಾನ್ ಗುರುತು ಹಾಕುವ ವಿಧಾನ) ಡಾಟ್1ಕ್ಯೂ ಎಂದು ಹೇಳಲೇಬೇಕು, ಇಲ್ಲದಿದ್ದರೆ ಕಮಾಂಡ್ ತಿರಸ್ಕಾರವಾಗುತ್ತದೆ. 2960ಗೆ ಡಾಟ್1ಕ್ಯೂ ಬಿಟ್ಟು ಬೇರೆ ಗೊತ್ತಿಲ್ಲ, ಹಾಗಾಗಿ ಅದೇ ಸಾಲು ಅಲ್ಲಿ ತಪ್ಪು. ಸಾಲುಗಳನ್ನು ಬಾಯಿಪಾಠ ಮಾಡಿದವರು ಇಲ್ಲಿ ಗಾಬರಿಯಾಗುತ್ತಾರೆ. ಪ್ರಶ್ನಾರ್ಥಕ ಚಿಹ್ನೆ ಒತ್ತಿ ಏನೇನು ಆಯ್ಕೆ ಇದೆ ಎಂದು ನೋಡುವವರಿಗೆ ಏನೂ ಆಗುವುದಿಲ್ಲ.

ನಮ್ಮ ಆಯ್ಕೆ ಹೀಗೆ: ನಾಲ್ಕು ತಿಂಗಳ ತಯಾರಿಯಲ್ಲಿ ಮೂರು ತಿಂಗಳು ಪ್ಯಾಕೆಟ್ ಟ್ರೇಸರ್, ನಡುವೆ ಒಂದೆರಡು ವಾರ ಯಾರಿಂದಲಾದರೂ ಎರವಲು ತಂದ 2960, 16 ಜಿಬಿ ಇದ್ದವರಿಗೆ ಕೊನೆಯ ತಿಂಗಳು ಸಿಎಂಎಲ್. ರ್‍ಯಾಮ್ ಇಲ್ಲದವರು ಸಿಎಂಎಲ್ ಬಿಟ್ಟರೆ ದೊಡ್ಡ ನಷ್ಟವಿಲ್ಲ. ಸ್ವಿಚ್ ಮುಟ್ಟದೆ ಹೋದರೆ ಮಾತ್ರ ಕೆಲಸಕ್ಕೆ ಸೇರಿದ ಮೊದಲ ದಿನವೇ ಅದು ಕಾಣುತ್ತದೆ.

ಪರೀಕ್ಷೆಯ ದಿನ ಗೊತ್ತು ಮಾಡುವ ಮೊದಲು ಖಾಲಿ ಪುಟದಿಂದ ಮೂರೂ ಊರನ್ನು ನೋಟ್ಸ್ ನೋಡದೆ 45 ನಿಮಿಷದಲ್ಲಿ ಕಟ್ಟಿ. ಪ್ರತಿ ಹಂತಕ್ಕೂ ಸ್ಥಿತಿ ತೋರಿಸುವ ಒಂದು ಶೋ ಕಮಾಂಡ್ ಕೊಟ್ಟು ಖಾತ್ರಿ ಮಾಡಿಕೊಂಡೇ ಮುಂದಕ್ಕೆ ಹೋಗಿ, ಪರೀಕ್ಷೆಯಲ್ಲಿ ಹಿಂದಕ್ಕೆ ಬರಲು ಆಗದು. ದಿನಾಂಕ ಜೂನ್‌ನಿಂದ ಆಗಸ್ಟ್ ಒಳಗೆ ಬಿದ್ದರೆ ಮನೆಯಿಂದ ಆನ್‌ಲೈನ್ ಬರೆಯುವ ಸಾಹಸ ಬೇಡ, ಕೇಂದ್ರವನ್ನೇ ಆರಿಸಿ. ಘಟ್ಟ ಹತ್ತಿ ಹೋಗಬೇಕಾದವರು ಹಿಂದಿನ ದಿನವೇ ಹೊರಡಿ, ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದರೆ ಸುತ್ತು ಹಾಕಿ ಹೋಗಲು ಆಗ ಸಮಯ ಇರುತ್ತದೆ.